ಹೆಬ್ಬಟ್ಟಿನ ಹಾಜರಿ

"ಕ್ಲಾಸಿನಾಗ ಕುಂತಿದ್ಲಂತ ಕುಂತಿದ್ಲು. ಯಾವ ಕ್ಲಾಸಿನಾಗ, ನಿಮ್ಮ ಕೇರಿ ಕಟ್ಟಿ ಮ್ಯಾಲೇನು? ಸರಕಾರ ಸೀಟು ಬಿಟ್ಟಿ ಕೊಟ್ಟೈತಿ ಅಂತ ಹಾಜರೀನೂ ನಾ ಬಿಟ್ಟಿ ಕೊಡ್ಬೇಕೇನು?"

ಮೆಡಿಕಲ್ ಕಾಲೇಜಿನ ತಮ್ಮ ಕೋಣೆಯಲ್ಲಿ ಡಾಕ್ಟರ್ ಸಂಗನಬಸವ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದರು. ಸಣ್ಣವ್ವ ಬಾಗಿಲ ಬಳಿಯೇ ನಿಂತಿದ್ದಳು. ಕುರ್ಚಿಗಳು ಖಾಲಿ ಇದ್ದವು, ಕೂತುಕೋ ಅಂದವರಿರಲಿಲ್ಲ. ಪಕ್ಕದಲ್ಲಿ ಮಗಳು ಮಹಾಲಕ್ಷ್ಮಿ ಬಿಳಿ ಕೋಟು ತೊಟ್ಟು ನೆಲ ನೋಡುತ್ತಿದ್ದಳು.

"ಬಿಟ್ಟಿ ಯಾರ್ ಕೇಳ್ಯಾರ್ರೀ? ಓದಿ ತಗೊಂಡಾಳ ಸೀಟು. ದಿನಾ ಬಂದಾಳ, ದಿನಾ ಕುಂತಾಳ. ನಿಮ್ಮ ಮಷಿನ್ ಅಕಿ ಹೆಬ್ಬಟ್ಟ ತಗೊಂಡಿಲ್ಲ. ಅದಕ್ಕ ಅಕಿ ಏನ್ ಮಾಡ್ಬೇಕ್ರಿ?"

"ಎಲ್ಲಾರ ಹೆಬ್ಬಟ್ಟ ತಗೊಂಡೈತಿ. ಇಕೀದಕ್ಕೇನ್ ಹುಳಾ ಹತ್ತಿತ್ತೇನು?"

"ಕಡಲಿ ಕಿತ್ತಾಳ್ರಿ."

ಅವರ ಊರು ಮೊರಬದ ಕರಿಮಣ್ಣಿನಲ್ಲಿ ಕಡಲೆ ಕೀಳುವುದು ಇಬ್ಬನಿ ಆರುವ ಮೊದಲು. ಬಿಸಿಲೇರಿದರೆ ಕಾಯಿ ಉದುರುತ್ತದೆ, ಧಣಿ ಬೈಯುತ್ತಾನೆ. ಆ ಇಬ್ಬನಿಯಲ್ಲಿ ಗಿಡದ ಹುಳಿ ಇಳಿದು ಬೆರಳ ತೊಗಲು ಸುಲಿಯುತ್ತದೆ. ಅದಕ್ಕೇ ಹೆಂಗಸರು ಹಳೇ ಕಾಲುಚೀಲಗಳನ್ನು ಕೈಗೆ ಏರಿಸಿಕೊಳ್ಳುತ್ತಾರೆ. ಸಣ್ಣವ್ವನ ಮನೆಯಲ್ಲಿದ್ದದ್ದು ಒಂದೇ ಜೋಡು. ಅದನ್ನು ಮಹಾಲಕ್ಷ್ಮಿ ಅವ್ವನ ಕೈಗೇ ತೊಡಿಸಿ, ತಾನು ಬರಿಗೈಯಲ್ಲಿ ಕಿತ್ತಿದ್ದಳು. ಧಣಿ ಶಂಭುಲಿಂಗಪ್ಪನ ಹೊಲದಲ್ಲಿ ರವಿವಾರಗಳಂದು ಕೀಳುವ ಗುತ್ತಿಗೆ ಹಿಡಿದದ್ದು ಕೂಲಿಯವರ ಗುಂಪು. ಒಂದು ಮನೆಯಿಂದ ಆಳು ಕಡಿಮೆಯಾದರೆ ಗುಂಪು ಆ ಮನೆಯನ್ನೇ ಬಿಡುತ್ತದೆ. ಗಂಡ ಉಡಚಪ್ಪ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಅವನ ಸಾಲಿಗೆ ಮಗಳೇ ಇಳಿಯಬೇಕಾಯಿತು. ಸುಗ್ಗಿಯುದ್ದಕ್ಕೂ ಶನಿವಾರ ಸಂಜೆಯ ಬಸ್ಸಿಗೆ ಬರುವುದು, ರವಿವಾರ ಕೀಳುವುದು, ಸೋಮವಾರ ಕಾಲೇಜಿನ ಮಷಿನ್ ಮೇಲೆ ಸುಲಿದ ಹೆಬ್ಬೆರಳು ಒತ್ತುವುದು. ಕೆಂಪು ದೀಪ. ಒರೆಸಿ ಒತ್ತಿದರೆ ಮತ್ತೆ ಕೆಂಪು. ತೊಗಲು ಕೂಡುವಷ್ಟರಲ್ಲಿ ಇನ್ನೊಂದು ರವಿವಾರ.

ಆಫೀಸಿಗೆ ಹೋಗಿ ಹೇಳಿದ್ದರೆ ಬೇರೆ ದಾರಿ ಇತ್ತೋ ಏನೋ. ಹೇಳಿದರೆ ಬೆರಳು ಯಾಕೆ ಹೀಗಾಯಿತು ಅನ್ನುತ್ತಾರೆ. ಕೂಲಿಗೆ ಹೋಗುತ್ತೇನೆ ಅನ್ನಲು ನಾಲಿಗೆ ಏಳಲಿಲ್ಲ. ಸುಮ್ಮನೆ ಒಳಗೆ ಹೋಗಿ ಕೂತಳು, ಪಾಠ ಕೇಳಿದಳು, ಬರೆದುಕೊಂಡಳು. ಲೆಕ್ಕದಲ್ಲಿ ಮಾತ್ರ ಬಂದೇ ಇರಲಿಲ್ಲ. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಪರೀಕ್ಷೆ ಹೋದರೆ ವರ್ಷ ಹೋಯಿತು, ವಿದ್ಯಾರ್ಥಿವೇತನ ಹೋಯಿತು, ಹಾಸ್ಟೆಲ್ ಹೋಯಿತು. ಆಮೇಲೆ ಉಳಿಯುವುದು ಶಂಭುಲಿಂಗಪ್ಪನ ಹೊಲವೇ.

"ಕಡಲಿ ಕಿತ್ತರ ಹೆಬ್ಬಟ್ಟ ಅಳಸ್ತೈತಿ. ಛಲೋ ಕತಿ ಕಟ್ಟೀದಿ. ಬಾ ಇಲ್ಲಿ, ನನ್ನ ಮುಂದ ಒತ್ತು."

ಮಷಿನ್ ಹೊರಗಿನ ಪಡಸಾಲೆಯಲ್ಲಿತ್ತು. ಮಹಾಲಕ್ಷ್ಮಿ ಒತ್ತಿದಳು. ಕೀಳುವ ಕೆಲಸ ಬಹುಪಾಲು ಮುಗಿದು, ಕಾಲೇಜಿನ ಒಳಪರೀಕ್ಷೆಗಳೂ ಇದ್ದುದರಿಂದ ಈಚಿನ ವಾರಗಳಲ್ಲಿ ಊರಿಗೆ ಹೋಗಿರಲಿಲ್ಲ. ತೊಗಲು ಕೂಡಿಕೊಂಡಿತ್ತು. ಹಸಿರು ದೀಪ ಹತ್ತಿತು.

ಗುಮಾಸ್ತ ಗುಡದಪ್ಪ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

"ನೋಡಿದ್ಯಾ? ಮಷಿನ್ ಸುಳ್ಳ ಹೇಳೂದಿಲ್ಲ. ಹೇಳಾವ್ರು ನೀವು." ಡಾಕ್ಟರು ತಿರುಗಿದರು. "ಸೋಮವಾರ ಎಲ್ಲಾರ ಹಾಜರಿ ಯುನಿವರ್ಸಿಟಿಗೆ ಹೋಗತೈತಿ. ಅದರೊಳಗ ರುಜುವಾತು ಇದ್ರ ತಗೊಂಡ್ ಬಾ, ನೋಡೂಣು."

ಬಸ್ಸಿನಲ್ಲಿ ಊರು ಹತ್ತಿರವಾದಾಗ ಸಣ್ಣವ್ವ ಅಂದಳು:

"ಹಳ್ಳದ ದಂಡಿ ಕಡಲಿ ಇನ್ನೂ ಕಿತ್ತಿಲ್ಲ. ತಡಾ ಬಿತ್ತಿದ್ದು."

ಮಹಾಲಕ್ಷ್ಮಿ ಕಿಟಕಿಯಿಂದ ಮುಖ ತಿರುಗಿಸಿದಳು. "ಅವ್ವಾ, ನಿನಗ ತಲಿ ಕೆಟ್ಟೈತೇನು?"

"ರುಜುವಾತು ಬೇಕಂದ್ನಲ್ಲ ಆ ಭಾಡ್ಯಾ. ಸುಲಿದ ಹೆಬ್ಬಟ್ಟ ಒಯ್ದು ಅವನ ಮುಂದ ಹಿಡಿಯೂಣು."

*

ರವಿವಾರ ಬೆಳಕು ಹರಿಯುವಾಗ ಗಿಡಗಳು ತೊಯ್ದು ನಿಂತಿದ್ದವು. ಪಕ್ಕದ ಸಾಲಿನ ಮುಮತಾಜ್ ಹುಡುಗಿಯ ಬರಿಗೈ ನೋಡಿ ತನ್ನ ಕಾಲುಚೀಲ ಬಿಚ್ಚಿ ಕೊಡಹೋದಳು. ಸಣ್ಣವ್ವ ಕೈ ಅಡ್ಡ ಹಾಕಿದಳು.

"ಬ್ಯಾಡ. ಹಂಗs ಕೀಳ್ಲಿ."

"ಹೆತ್ತಾಕಿ ಹೌದೋ ಅಲ್ಲೋ ನೀ?"

ಸಣ್ಣವ್ವ ಮಗಳ ಮುಂದೆ ಮುಂದೆ ಸಾಲು ಹಿಡಿದು ಹೋದಳು. ಹಿಂದಿರುಗಿ ನೋಡಿದರೆ ಸಾಕು ಬಿಡು ಅಂದುಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು.

"ಅವ್ವಾ, ಉರೀತೈತಿ."

"ಉರೀಲಿ. ಹೆಬ್ಬಟ್ಟಿಗೆ ಹತ್ತಂಗ ಹಿಡಿ."

ಬಿಸಿಲು ಮೂಡುವ ಹೊತ್ತಿಗೆ ಶಂಭುಲಿಂಗಪ್ಪನ ಮೋಟರ್‌ಸೈಕಲ್ ಬಂದು ಬದುವಿನ ಮೇಲೆ ನಿಂತಿತು.

"ಏನ್ ಡಾಕ್ಟರ್‌ಬಾಯಿ, ದವಾಖಾನಿಗೆ ಕೀಲಿ ಬಿತ್ತೇನು?"

ಸಣ್ಣವ್ವ ಓಡಿಹೋಗಿ ಕೈಮುಗಿದಳು. "ಧಣೇರ, ಈ ಸುಗ್ಗ್ಯಾಗ ಅಕಿ ನಿಮ್ಮ ಹೊಲದಾಗ ಕಿತ್ತಾಳಂತ ಕಾಲೇಜಿಗೆ ಬಂದು ಒಂದ್ ಮಾತ ಹೇಳ್ರಿ. ನಿಮ್ಮ ಮಾತ ಅವ್ರು ನಂಬ್ತಾರ."

"ಹೌದ? ಓದೂ ಹುಡಿಗೀನ ಹಿಡ್ಕೊಂಡ್ ದುಡಿಸೇನಿ ಅಂತ ನನ್ನ ಬಾಯಿಲೇನ ಹೇಳ್ಲೆ? ನಾಳೆ ಪೇಪರಿನ್ಯಾಗ ನನ್ನ ಫೋಟೋ ಹಾಕಸಾಕೇನಬೇ, ಹಲ್ಕಟ್ ರಂಡಿ?" ಅವನು ಎಲೆ ಅಡಿಕೆ ಉಗುಳಿದ. "ನಪಾಸಾದ್ರ ಆಗ್ಲಿ ಬಿಡು. ಮುಂದಿನ ವರ್ಷ ಮೆಣಸಿನಕಾಯಿಗೆ ಒಂದ್ ಆಳಾಗ್ತಾಳ. ಹೋಗು, ಸಾಲ್ ಹಿಡಿ."

ಸಣ್ಣವ್ವ ಹೋಗಿ ಸಾಲು ಹಿಡಿದಳು. ಮಗಳ ಬೆರಳುಗಳಿಂದ ರಕ್ತ ಒಸರುತ್ತಿತ್ತು.

"ಇನ್ನೊಂದ್ ಸಾಲು," ಅಂದಳು.

*

ಸೋಮವಾರ ಮಷಿನ್ ಕೆಂಪಾಯಿತು. ಮತ್ತೆ ಕೆಂಪು, ಮತ್ತೆ ಕೆಂಪು. ಸಣ್ಣವ್ವನಿಗೆ ಉಸಿರು ಬಂದಂತಾಯಿತು. ಗುಡದಪ್ಪ ಒಳಗಿಂದ ಡಾಕ್ಟರನ್ನು ಕರೆತಂದ. ಅವರು ಮಹಾಲಕ್ಷ್ಮಿಯ ಕೈಯನ್ನು ಬೆಳಕಿಗೆ ಹಿಡಿದು ನೋಡಿದರು. ಸಿಟ್ಟು ಇಳಿದು ಮುಖಕ್ಕೆ ಒಂದು ಹುರುಪು ಬಂತು.

"ಅಗದಿ ಛಲೋ ಆತು. ಬಾ ಒಳಗ."

ಮಣಿಕಟ್ಟು ಹಿಡಿದೇ ಕ್ಲಾಸಿಗೆ ಕರೆದೊಯ್ದರು. ಸಣ್ಣವ್ವ ಬಾಗಿಲವರೆಗೆ ಹೋದಳು. ಅಂದಿನ ಪಾಠ ದುಡಿಯುವವರಿಗೆ ಕಸುಬಿನಿಂದ ಹತ್ತುವ ರೋಗಗಳದ್ದು.

"ಎಲ್ಲಾರೂ ಹತ್ರ ಬರ್ರಿ. ಇಂಥಾದ್ದು ಪುಸ್ತಕದಾಗ ಸಿಗೂದಿಲ್ಲ."

ಬೆರಳುಗಳನ್ನು ಒಂದೊಂದಾಗಿ ತಿರುವಿ ತೋರಿಸಿದರು. ಹುಡುಗರು ಬಗ್ಗಿ ನೋಡಿದರು, ಒಬ್ಬ ಫೋನಿನಲ್ಲಿ ಚಿತ್ರ ಹಿಡಿದ. ಅಮೃತಾ ಅನ್ನುವ ಹುಡುಗಿ ಬರೆಯಲು ಹೋಗಿ ತಡೆದು, "ಸರ್, ಹೆಸರು ಮಹಾಲಕ್ಷ್ಮಿ ಅಂತ ಬರೀಬೇಕಾ?" ಅಂದಳು.

"ಹೆಸರು ಯಾಕ? ಹೆಣ್ಣು, ಕೂಲಿ ಕೆಲಸ, ಕರಿಮಣ್ಣ ಸೀಮಿ ಅಂತ ಬರೀರಿ. ಇವತ್ತ ಇಲ್ಲಿದ್ದವ್ರಿಗೆಲ್ಲ ಪ್ರಾಕ್ಟಿಕಲ್ ಹಾಜರಿ. ಬಾಯಿ ಬಿಟ್ಟು ಪ್ರಶ್ನಿ ಕೇಳಿದವ್ರಿಗೆ ಭಾಗವಹಿಸಿದ ಮಾರ್ಕ್ಸ್."

"ನಂದೂ ಹಾಕ್ರಿ ಸರ್," ಅಂದಳು ಮಹಾಲಕ್ಷ್ಮಿ.

"ನಿಂದು ಹೆಂಗ ಹಾಕೂದು? ಮಷಿನ್ ತಗೊಂಡಿಲ್ಲಲ್ಲ. ನೀ ಈಗ ಪೇಶಂಟ್."

ನಗು ಎದ್ದಿತು. ಸಣ್ಣವ್ವ ಬಾಗಿಲಿಂದಲೇ ಕೂಗಿದಳು: "ಸರ, ರುಜುವಾತು ಬೇಕಂದಿದ್ರಿ. ತಂದೇವ್ರಿ. ಅದs ಅದು."

"ಇದು ನಿನ್ನೆ ಗಾಯಬೇ. ನಿನ್ನೆ ರವಿವಾರ, ಕ್ಲಾಸs ಇರಲಿಲ್ಲ. ಹಿಂದ ತಪ್ಪಿದ್ದಕ್ಕ ಇದ್ಯಾವ ರುಜುವಾತು?" ಅವರು ದನಿ ಇಳಿಸಿದರು. "ಬೇಕಾದ್ರ ಚರ್ಮರೋಗ ಐತಿ ಅಂತ ಅರ್ಜಿ ಬರಕೊಡ್ಲಿ, ಮ್ಯಾಲೆ ಕಳಸ್ತೇನಿ. ಆದ್ರ ಚರ್ಮರೋಗದಾಕಿ ವಾರ್ಡಿನಾಗ ಪೇಶಂಟ್ ಮುಟ್ಟೂಹಂಗಿಲ್ಲ. ಆ ಹಾಜರಿ ಹೋಗತೈತಿ."

"ಇದು ರೋಗ ಅಲ್ರಿ," ಅಂದಳು ಮಹಾಲಕ್ಷ್ಮಿ. "ಕೂಲಿ ಮಾಡಿದ್ದು."

ಕೈ ಕಿತ್ತುಕೊಂಡಳು. ಬಿಳಿ ಕೋಟು ಬಿಚ್ಚಿ ಮೇಜಿನ ಮೇಲಿಟ್ಟಳು. ತೋಳಿನ ಅಂಚಿಗೆ ರಕ್ತ ಹತ್ತಿತ್ತು. ಬಾಗಿಲಲ್ಲಿ ಒಂದು ಗಳಿಗೆ ನಿಂತು ಅವ್ವನನ್ನು ನೋಡಿದಳು. ಡಾಕ್ಟರನ್ನು ಹೇಗೆ ನೋಡಿದ್ದಳೋ ಹಾಗೆಯೇ ತನ್ನನ್ನೂ ನೋಡಿದಳೆಂದು ಸಣ್ಣವ್ವನಿಗೆ ತಿಳಿಯಿತು. ಹುಡುಗಿ ಅವಳಿಗೆ ತಾಗದಂತೆ ಸರಿದು ಹೊರಗೆ ಹೋದಳು.

"ಎಲ್ಲಿ ಹೋಗ್ತಾಳ, ಬರ್ತಾಳ ಬಿಡು," ಅಂದರು ಡಾಕ್ಟರು. "ನೀನs ಬಾ ಇಲ್ಲಿ. ಜನ್ಮಪೂರ್ತಿ ಕಿತ್ತ ಕೈ ಹೆಂಗಿರ್ತಾವ, ಹುಡುಗ್ರು ನೋಡ್ಲಿ. ತೋರ್ಸು ಕೈ."

ಸಣ್ಣವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿ ಕಂಕುಳಲ್ಲಿ ಒತ್ತಿಕೊಂಡಳು. ಹೊಸ್ತಿಲ ಮೇಲೆ, ಯಾರೂ ದಾಟದಂತೆ, ಅಡ್ಡಲಾಗಿ ಕೂತಳು.

"ಏಳು ಮ್ಯಾಲೆ. ಏಯ್, ಕೇಳಸ್ತಿಲ್ಲೇನು?"

ಅವಳು ಏಳಲಿಲ್ಲ. ಪಾಠ ಮುಗಿಯಿತು. ಹೊರಗೆ ಮುಂದಿನ ಕ್ಲಾಸಿನವರು ಬಂದು ಗುಂಪುಗೂಡಿದರು. ಗುಡದಪ್ಪ ವಾಚ್‌ಮನ್‌ನನ್ನು ಕರೆಯಲು ಓಡಿದ. ಸಣ್ಣವ್ವ ಪಡಸಾಲೆಯ ತುದಿ ನೋಡುತ್ತ ಕೂತೇ ಇದ್ದಳು.

ಮಹಾಲಕ್ಷ್ಮಿ ಬರಲಿಲ್ಲ.