ಉಳಿಸಿಕೊಳ್ಳಬೇಕಾದ ಅವಧಿ

2016ರ ಮಾರ್ಚ್ 14, ಸೋಮವಾರ, ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ನಮ್ಮ ಪ್ರಯೋಗಾಲಯದ ಹಳೆಯ ಕಂಪ್ಯೂಟರು ಆ ತಿಂಗಳಲ್ಲಿ ಮೂರನೆಯ ಸಲ ತಾನಾಗಿ ಆರಿಹೋಯಿತು. ಮತ್ತೆ ಶುರುವಾಗಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಆ ಇಪ್ಪತ್ತೆರಡು ನಿಮಿಷವೂ ನಾನು ಅದರ ಎದುರಿನಿಂದ ಏಳಲಿಲ್ಲ.

ನಮ್ಮದು ಬ್ಯಾಟರಿ ಕಾರ್ಖಾನೆ. ಸೀಸ ಕರಗಿಸುವ ಕುಲುಮೆಯಲ್ಲಿ ಕೆಲಸ ಮಾಡುವವರ ರಕ್ತದಲ್ಲಿ ಸೀಸ ಎಷ್ಟು ಸೇರಿದೆ ಎಂದು ಮೂರು ತಿಂಗಳಿಗೊಮ್ಮೆ ಅಳೆಯುತ್ತಿದ್ದೆವು. ನೂರು ಮಿಲಿಲೀಟರ್ ರಕ್ತದಲ್ಲಿ ನಲವತ್ತು ಮೈಕ್ರೋಗ್ರಾಂ ಮಿತಿ. ಖರ್ಚು ಜಾಸ್ತಿಯೆಂದು 2014ರ ಜನವರಿಯಲ್ಲಿ ಪರೀಕ್ಷೆ ನಿಲ್ಲಿಸಿದರು. ಅದಕ್ಕೂ ಹಿಂದಿನ ಹದಿನೈದು ವರ್ಷಗಳ ಫಲಿತಾಂಶವೆಲ್ಲ ಆ ಒಂದು ಕಂಪ್ಯೂಟರಿನಲ್ಲಿತ್ತು. ಕಾಗದದ ಪುಸ್ತಕಗಳನ್ನು ಆಡಳಿತ ಕಚೇರಿಯವರು ಎಂದೋ ತೂಕಕ್ಕೆ ಹಾಕಿದ್ದರು. ಕಂಪ್ಯೂಟರಿನ ಫೈಲುಗಳು ಇವತ್ತಿನ ಯಾವ ಯಂತ್ರದಲ್ಲೂ ತೆರೆಯುತ್ತಿರಲಿಲ್ಲ.

ಆ ಫೈಲುಗಳಲ್ಲಿ ಹೆಸರುಗಳಿರಲಿಲ್ಲ, ಮಾದರಿ ಸಂಖ್ಯೆಗಳಷ್ಟೇ. 317 ಎಂದರೆ ನನ್ನ ತಮ್ಮ.

ಹಿಂದಿನ ನವೆಂಬರಿನಲ್ಲಿ ಅವನನ್ನು ಕೆಲಸದಿಂದ ಅಮಾನತು ಮಾಡಿದ್ದರು. ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು, ಎತ್ತಿದರೆ ನಡುಗುತ್ತಿತ್ತು. ಕಾರ್ಖಾನೆಯ ಡಾಕ್ಟರು ಒಂದೇ ಸಾಲು ಬರೆದರು: ಕುಡಿತದಿಂದ. ಆ ಸಾಲು ನಿಂತರೆ ಕುಡುಕನೆಂದು ವಜಾ. ಕ್ವಾರ್ಟರ್ಸು ಬಿಡಬೇಕು, ಆಸ್ಪತ್ರೆಯ ಬಾಗಿಲು ಮುಚ್ಚುತ್ತದೆ. ಅದು ಸೀಸದಿಂದ, ಕೆಲಸದಿಂದ ಬಂದ ಕಾಯಿಲೆ ಎಂದು ಸಾಬೀತಾದರೆ ಮನೆಯೂ ಉಳಿಯುತ್ತದೆ, ಬದುಕಿರುವಷ್ಟು ದಿನ ಚಿಕಿತ್ಸೆಯೂ ಸಿಗುತ್ತದೆ. ಹಕ್ಕುಕೋರಿ ಕಾರ್ಖಾನೆಯ ಟಪಾಲು ಕಿಟಕಿಯಲ್ಲಿ ಅರ್ಜಿ ಹಾಕಲು ಒಂದು ವರ್ಷದ ಕಾಲಾವಕಾಶವಿತ್ತು; ತೀರ್ಮಾನಿಸುವುದು ಒಂದು ಮಂಡಳಿ. ಸಾಬೀತು ಮಾಡಲು ಇದ್ದದ್ದು ಆ ಕಂಪ್ಯೂಟರು ಮಾತ್ರ.

ಮ್ಯಾನೇಜರ್ ಹತ್ತಿರ ಹೋಗಿ, ಕಂಪ್ಯೂಟರು ಪೂರ್ತಿ ಕೆಡುವ ಮೊದಲು ಫೈಲುಗಳನ್ನು ಉಳಿಸಬೇಕು ಎಂದೆ. ಪರೀಕ್ಷೆ ನಿಲ್ಲಿಸಿದ ಆದೇಶಕ್ಕೆ ಸಹಿ ಹಾಕಿದವರು ಅವರೇ.

"ಸತ್ರೆ ಸಾಯ್ಲಿ ಬಿಡಿ ಮೇಡಂ, ಅದಕ್ಕೂ ವಯಸ್ಸಾಯ್ತು. ಹೊರಗಿನವರು ಯಾರಾದ್ರೂ ಪುಕ್ಕಟೆ ಬಂದು ನೋಡೋದಾದ್ರೆ ಕರೆಸ್ಕೊಳ್ಳಿ. ನನ್ನದೇನೂ ಅಡ್ಡಿಯಿಲ್ಲ."

ಹುಡುಕಿದೆ. ವಿದ್ಯುನ್ಮಾನ ದಾಖಲೆಗಳನ್ನು ಕಾಪಾಡುವುದೇ ಒಂದು ಶಾಸ್ತ್ರವೆಂದು ನನಗೆ ಆಗಲೇ ಗೊತ್ತಾದದ್ದು. ಮೂರು ಕಡೆ ಬರೆದೆ. ವಿಶ್ವವಿದ್ಯಾಲಯದ ಗ್ರಂಥಾಲಯ ವಿಭಾಗದಿಂದ 'ನಿಮ್ಮ ಪತ್ರ ತಲುಪಿದೆ' ಎಂಬ ಉತ್ತರ ಬಂತು; ಅದೇ ಉತ್ತರ ಇನ್ನೂ ಎರಡು ಸಲ ಬಂತು. ಸರ್ಕಾರಿ ದಾಖಲೆ ಭಂಡಾರದವರು ಇನ್ನೂರ ಹದಿನಾಲ್ಕು ಪುಟಗಳ ಕೈಪಿಡಿ ಕಳಿಸಿದರು. ದಾಖಲೆಪಾಲಕರ ಸಂಘದವರು, ನಿವೃತ್ತ ಸದಸ್ಯರೊಬ್ಬರು ಮೂರು ದಿನದ ಮಟ್ಟಿಗೆ ಬಂದು ಸಹಾಯ ಮಾಡುತ್ತಾರೆ, ಊಟ ವಸತಿ ಸಾಕು ಎಂದರು. ಕೈಪಿಡಿಯನ್ನು ನಾನು ಎರಡು ಸಲ ಓದಿದೆ. ಅದರಲ್ಲಿ ನನ್ನಂಥವರಿಗೆ ಹಿತವೆನಿಸುವ ಒಂದು ವಾಕ್ಯವಿತ್ತು: ಮೊದಲು ಪಟ್ಟಿ, ಆಮೇಲೆ ನಿರ್ಧಾರ, ಕೊನೆಗೆ ನಕಲು, ಈ ಕ್ರಮ ತಪ್ಪಬಾರದು.

ತಮ್ಮನ ಮನೆಗೆ ಹೋಗಿ ಹೇಳಿದೆ. ಅವನು ಎಡಗೈಯಲ್ಲಿ ಚಹಾದ ಲೋಟ ಹಿಡಿದು ಕೂತಿದ್ದ.

"ಈ ಬಲಗೈ ದೊಡ್ಡ ಮನುಷ್ಯ ಆಗ್ಬಿಟ್ಟಿದೆ ಕಣಕ್ಕ. ಎಷ್ಟು ಕರೆದ್ರೂ ಏಳಲ್ಲ" ಎಂದು ನಕ್ಕ. "ಅರ್ಜಿ ನಾಳೆನೇ ಹಾಕ್ಬಿಡ್ಲಾ?"

"ಈಗ ಬೇಡ ಕಣೋ. ದಾಖಲೆ ಸರಿಯಾಗಿ ಕೈಗೆ ಸಿಗ್ಲಿ. ಅದನ್ನ ಜೊತೆಗಿಟ್ಟೇ ಹಾಕೋಣ. ಅರ್ಧಂಬರ್ಧ ಹಾಕಿದ್ರೆ ಮುಖಕ್ಕೆ ಎಸೀತಾರೆ."

ಅವನ ಹೆಂಡತಿ ಒಳಗಿನಿಂದಲೇ ಅಂದಳು: "ಅಕ್ಕಂದು ಎಲ್ಲಾ ಅಚ್ಚುಕಟ್ಟು. ಅದು ಮುಗಿಯೋ ಹೊತ್ತಿಗೆ ನಮ್ಮ ಪಾತ್ರೆ ಪಗಡ ಬೀದೀಲಿರುತ್ತೆ."

"ನೀನು ಸುಮ್ನಿರೇ. ಅಕ್ಕ ಓದಿದೋಳು" ಎಂದ ತಮ್ಮ.

ಮೇ 25ರಂದು ಆ ಹಿರಿಯರು ಬಂದರು. ಬಿಳಿ ಅಂಗಿ, ಕಿಸೆಯಲ್ಲಿ ಮೂರು ಬಣ್ಣದ ಪೆನ್ನು, ಒಂದು ಸೂಟ್‌ಕೇಸು. ಅದರಲ್ಲಿ ಬಟ್ಟೆಗಿಂತ ಕೇಬಲ್ಲೇ ಜಾಸ್ತಿ. ಕಂಪ್ಯೂಟರಿನ ದಾಖಲೆ ನೋಡಲು ಬಂದವರು ಕಾಗದದ ಮೇಲೆ ಅಷ್ಟೊಂದು ಬರೆಯುತ್ತಿದ್ದರಿಂದ ಪ್ರಯೋಗಾಲಯದವರು ಮೊದಲ ದಿನವೇ ಅವರಿಗೆ ಕಾಗದದಜ್ಜ ಎಂದು ಹೆಸರಿಟ್ಟರು. ಬಂದ ತಕ್ಷಣ ಹನ್ನೊಂದು ಪುಟದ ಒಂದು ನಮೂನೆ ಕೊಟ್ಟು ತುಂಬಿಸಲು ಹೇಳಿದರು. ನಾಲ್ಕನೆಯ ಪುಟದಲ್ಲಿ ಒಂದು ಪ್ರಶ್ನೆ: ಈ ದಾಖಲೆಯನ್ನು ಸೃಷ್ಟಿಸಿದವರು ಯಾರು? ಯೋಚಿಸಿ ಬರೆದೆ. ಫೈಲನ್ನು ಬರೆಯುತ್ತಿದ್ದದ್ದು ನಾನಲ್ಲ, ಡಾಕ್ಟರೂ ಅಲ್ಲ. ಮಾದರಿ ಇಟ್ಟರೆ ಯಂತ್ರ ಅಳೆದು ತಾನೇ ಬರೆದುಕೊಳ್ಳುತ್ತಿತ್ತು. ಹಾಗಾಗಿ 'ಯಂತ್ರ' ಎಂದು ಬರೆದೆ. ಅದು ನಿಜವೂ ಆಗಿತ್ತು.

"ಮೂವತ್ತು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ತುಂಬಿದೋರನ್ನ ನೋಡಿಲ್ಲಮ್ಮ" ಎಂದರು ಅಜ್ಜ. ನನಗೆ ಖುಷಿಯಾಯಿತು.

ಗುರುವಾರ ಮಧ್ಯಾಹ್ನ ಅವರ ಕೇಬಲ್ಲೊಂದು ಹಳೆಯ ಕಂಪ್ಯೂಟರಿಗೆ ಕೂಡಿಬಂತು. ಪರದೆಯ ಮೇಲೆ ಅಂಕಿಗಳು ಒಂದೊಂದೇ ಸಾಲಾಗಿ ಇಳಿದವು. 317ನ್ನು ಹುಡುಕಿದೆ. 62. 58. 71. 66. ಐವತ್ತಾರು ಅಳತೆಗಳಲ್ಲಿ ನಲವತ್ತೊಂಬತ್ತು ಮಿತಿಯನ್ನು ಮೀರಿದ್ದವು. ಇವನ್ನೆಲ್ಲ ಒಂದು ಕಾಲಕ್ಕೆ ನಾನೇ ಓದಿ, ಚೀಟಿ ಬರೆದು ಮೇಲಕ್ಕೆ ಕಳಿಸಿದ್ದೆ. ಪ್ರತಿ ಸಲವೂ ಅವನನ್ನು ಹದಿನೈದು ದಿನ ಗೋದಾಮಿಗೆ ಹಾಕಿ ಮತ್ತೆ ಕುಲುಮೆಗೇ ತರುತ್ತಿದ್ದರು. ಅವನ ಕೆಲಸ ಉಳಿಯಿತಲ್ಲ ಎಂದು ನಾನೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

"ಈಗಲೇ ನಕಲು ತೆಗೀಲಾ ಸಾರ್?"

"ಪಟ್ಟಿ ಆಗಿದೆ, ನಿರ್ಧಾರ ಆಗಿಲ್ಲ. ನಾಳೆ ನಿಮ್ಮ ಮ್ಯಾನೇಜರ್ ಸಹಿ ಬೀಳ್ಲಿ, ಒಂದು ಗಂಟೆ ಕೆಲಸ. ಒಪ್ಪಿಗೆ ಇಲ್ಲದ ನಕಲನ್ನ ಯಾವ ಮಂಡಳಿನೂ ನಂಬಲ್ಲಮ್ಮ. ಅದು ಬರೀ ಗಾಳಿಮಾತು."

ಅದು ಕೈಪಿಡಿಯಲ್ಲೂ ಇತ್ತು. ಪೆನ್ ಡ್ರೈವು ನನ್ನ ಕೋಟಿನ ಜೇಬಿನಲ್ಲಿತ್ತು. ನಾನು ಅದನ್ನು ಹೊರಗೆ ತೆಗೆಯಲಿಲ್ಲ. ಆ ಸಂಜೆಯೇ ತಮ್ಮನಿಗೆ ಫೋನ್ ಮಾಡಿ ಸೋಮವಾರ ಅರ್ಜಿ ಹಾಕೋಣ ಎಂದೆ.

ಮ್ಯಾನೇಜರ್ ಯಾವ ಕಾಗದವನ್ನೂ ಓದುವವರಲ್ಲವೆಂದು ನಾವೆಲ್ಲ ನಗುತ್ತಿದ್ದೆವು. ಶುಕ್ರವಾರ ಬೆಳಿಗ್ಗೆ ಅವರು ಹನ್ನೊಂದು ಪುಟವನ್ನೂ ಓದಿ ಮುಗಿಸಿಯೇ ನಮ್ಮನ್ನು ಕರೆಸಿದರು. ಮೇಜಿನ ಮೇಲೆ ನನ್ನದೇ ಕೈಪಿಡಿ ತೆರೆದಿತ್ತು.

"ಅಜ್ಜಾವ್ರೇ, ಈ ಯಂತ್ರ ಬರೆದ ದಾಖಲೆಗಳನ್ನ ಎಷ್ಟು ವರ್ಷ ಇಟ್ಕೋಬೇಕು?"

"ಯಂತ್ರದ ಅಳತೆ ಅಂದ್ರೆ ಎರಡು ವರ್ಷ ಸಾರ್."

"ಆರೋಗ್ಯ ದಾಖಲೆ ಆದ್ರೆ?"

"ನಲವತ್ತು."

"ಇದು ಯಾವ್ದು?"

ಅಜ್ಜ ನನ್ನ ಕಡೆ ತಿರುಗಿದರು. "ಫೈಲಲ್ಲಿ ಹೆಸರು ಇದೆಯೇನಮ್ಮ?"

"ಇಲ್ಲ. ಮಾದರಿ ಸಂಖ್ಯೆ ಇದೆ. ಯಾವ ಸಂಖ್ಯೆ ಯಾರದು ಅಂತ ಆಡಳಿತ ಕಚೇರಿ ಪುಸ್ತಕದಲ್ಲಿತ್ತು."

"ಆ ಪುಸ್ತಕ ತೂಕಕ್ಕೆ ಹೋಯ್ತು" ಎಂದರು ಮ್ಯಾನೇಜರ್.

"ಹಾಗಾದ್ರೆ ಯಾರ ಆರೋಗ್ಯ ಅಂತ ಹೇಳೋದು?" ಅಜ್ಜನ ದನಿಯಲ್ಲಿ ಕೆಡುಕಿರಲಿಲ್ಲ, ಲೆಕ್ಕ ಬಿಡಿಸುವ ಆಸಕ್ತಿಯಿತ್ತು. "ನಿಯಮದ ಪ್ರಕಾರ ಸೃಷ್ಟಿಸಿದವರ ಕಲಮಿನಲ್ಲಿ ಏನಿದೆಯೋ ಅದೇ ವರ್ಗ."

"ಮುನ್ನೂರ ಹದಿನೇಳು ನನ್ನ ತಮ್ಮ ಸಾರ್. ನನಗೆ ಗೊತ್ತು."

"ಗೊತ್ತಿರೋದು ಬೇರೆ, ದಾಖಲೆ ಬೇರೆ" ಎಂದರು ಅಜ್ಜ, ಪಾಠ ಹೇಳುವವರ ಹಾಗೆ.

ಮ್ಯಾನೇಜರ್ ನಮೂನೆಯನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. "ನಿಮ್ಮದೇ ಕೈಬರಹ ಅಲ್ವಾ ಮೇಡಂ? ಎಷ್ಟು ದುಂಡಗಿದೆ ನೋಡಿ. ಎರಡು ವರ್ಷ ದಾಟಿದ್ದನ್ನ ಇಟ್ಕೊಂಡ್ರೆ ನಾವೇ ತಪ್ಪಿತಸ್ಥರು. ಡಿಸ್ಕಿಗೆ ತೂತು ಕೊರೆಸಿಬಿಡೋಣ. ಇವತ್ತೇ."

ನಾನು ಕೈಪಿಡಿಯ ನೂರ ಅರವತ್ತೆರಡನೆಯ ಪುಟ ತೆಗೆದೆ. ದಾಖಲೆಗೆ ಸಂಬಂಧಿಸಿ ಯಾರದ್ದಾದರೂ ಹಕ್ಕುಕೋರಿಕೆ ಬಾಕಿಯಿದ್ದರೆ ಅದನ್ನು ನಾಶಮಾಡುವಂತಿಲ್ಲ.

"ಹೌದು" ಎಂದರು ಅಜ್ಜ, ಸಂತೋಷದಿಂದ. "ಇವರು ಸರಿಯಾಗಿ ಓದಿದ್ದಾರೆ."

"ಬಾಕಿಯಿದ್ದರೆ" ಎಂದು ಮ್ಯಾನೇಜರ್ ಆ ಪದವನ್ನು ಬಿಡಿಸಿ ಹೇಳಿ, ಟಪಾಲು ಕಿಟಕಿಗೆ ಫೋನ್ ಮಾಡಿದರು. "ಕುಲುಮೆಯವರದ್ದು ಯಾವುದಾದ್ರೂ ಅರ್ಜಿ ಬಂದಿದೆಯೇನ್ರೀ?... ಇಲ್ವಂತೆ ಮೇಡಂ. ಯಾಕೆ ಹಾಕಿಲ್ಲ ನಿಮ್ಮ ತಮ್ಮ? ಆರು ತಿಂಗಳಾಯ್ತಲ್ಲ. ಯಾರೋ ಬೇಡ ಅಂದಿರಬೇಕು."

ನಾನು ಕೈಪಿಡಿಯನ್ನು ಮುಚ್ಚಿದೆ.

"ಡ್ರಿಲ್ಲಿನವನು ಎರಡೂವರೆಗೆ ಬರ್ತಾನೆ. ಅಷ್ಟರೊಳಗೆ ಅರ್ಜಿಗೆ ಮೊಹರು ಬಿದ್ರೆ ನಿಲ್ಲಿಸ್ತೀನಿ. ನಾನೇನು ರಾಕ್ಷಸನಾ?"

ನಾನು ಫೋನ್ ಮಾಡಿ ಕರೆದ ಮೇಲೆ ತಮ್ಮ ಒಂದು ಮುಕ್ಕಾಲಿಗೇ ಬಂದ; ಹೆಂಡತಿ ಅವನನ್ನು ಹೆಚ್ಚು ಕಡಿಮೆ ಎಳೆದುಕೊಂಡೇ ಬಂದಿದ್ದಳು. ಟಪಾಲು ಕಿಟಕಿ ಊಟಕ್ಕೆ ಮುಚ್ಚಿತ್ತು. ಎರಡು ಗಂಟೆಗೆ ತೆರೆಯಿತು. ಅರ್ಜಿಯನ್ನು ನಾನು ಬರೆದುಕೊಟ್ಟೆ. ಅವನು ಬಲಗೈಗೆ ಎಡಗೈ ಆನಿಸಿ ಸಹಿ ಮಾಡಿದ. ಮಕ್ಕಳು ಗೀಚಿದ ಹಾಗಿತ್ತು.

ಕಿಟಕಿಯ ಗುಮಾಸ್ತೆ ಸಹಿಯನ್ನು ಹಳೆಯ ಕಡತದ ಜೊತೆ ಹೋಲಿಸಿದಳು. "ಇದು ಅದಲ್ಲ."

"ಕೈ ನೋಡಮ್ಮ. ಈ ಕೈಗಾಗೇ ಅರ್ಜಿ" ಎಂದ ತಮ್ಮ.

"ಕಾಣುತ್ತಪ್ಪ. ನನ್ನ ಮೇಲೆ ಸಿಟ್ಟಾಗ್ಬೇಡ. ಸಹಿ ಕೂಡದೇ ಇದ್ರೆ ಹೆಬ್ಬೆಟ್ಟು ಒತ್ತಬೇಕು, ಅದಕ್ಕೆ ಅಧಿಕಾರಿ ದೃಢೀಕರಣ ಬೇಕು."

"ಯಾವ ಅಧಿಕಾರಿ?"

"ಮ್ಯಾನೇಜರ್."

ಮ್ಯಾನೇಜರ್ ಕೋಣೆಯಲ್ಲಿರಲಿಲ್ಲ. ನಾನು ಅಂಗಳ ದಾಟಿ ಓಡಿದೆ. ಕಾಲಿನ ಬಲವೂ ಕುಂದಿದ್ದ ತಮ್ಮನಿಗೆ ಓಡಲು ಆಗುತ್ತಿರಲಿಲ್ಲ. ಮ್ಯಾನೇಜರ್ ಪ್ರಯೋಗಾಲಯದಲ್ಲೇ ಇದ್ದರು, ಡ್ರಿಲ್ಲಿನವನ ಪಕ್ಕದಲ್ಲಿ. ಅರ್ಜಿ ಚಾಚಿದೆ. ಅವರು ಅದನ್ನು ತೆಗೆದುಕೊಂಡರು.

"ಹೆಬ್ಬೆಟ್ಟು ನನ್ನ ಕಣ್ಣೆದುರೇ ಒತ್ತಬೇಕಲ್ಲ ಮೇಡಂ? ಇಲ್ದಿದ್ರೆ ನಾನು ದೃಢೀಕರಿಸೋದು ಏನನ್ನ? ಬರ್ಲಿ, ನಿಧಾನಕ್ಕೆ ಬರ್ಲಿ, ಕಾಯ್ತೀನಿ." ಆಮೇಲೆ ಡ್ರಿಲ್ಲಿನವನಿಗೆ, "ನೀನ್ಯಾಕಪ್ಪ ನಿಂತೆ? ನಿನಗೆ ಬೇರೆ ಕೆಲಸ ಇಲ್ವಾ?" ಎಂದರು.

ನಾನು ಡಿಸ್ಕಿನ ಮೇಲೆ ಕೈಯಿಟ್ಟೆ. ಡ್ರಿಲ್ಲಿನವನು ಗಾಬರಿಯಿಂದ ಹಿಂದೆ ಸರಿದ. ಮ್ಯಾನೇಜರ್ ನನ್ನ ಮಣಿಕಟ್ಟು ಹಿಡಿದು, ಮೇಜಿನಿಂದ ಲೋಟ ಎತ್ತಿದ ಹಾಗೆ, ಕೈಯನ್ನು ಎತ್ತಿ ಪಕ್ಕಕ್ಕಿಟ್ಟರು. ಏಳು ತೂತು. ಅಜ್ಜ ಎಣಿಸಿ ಬರೆದುಕೊಂಡರು. ಎಣಿಕೆ ತಪ್ಪಲಿಲ್ಲ. ತಮ್ಮ ಹೆಂಡತಿಯ ಹೆಗಲು ಹಿಡಿದು ಬಾಗಿಲಿಗೆ ಬಂದಾಗ ನೆಲದ ಮೇಲೆ ಲೋಹದ ಪುಡಿ ಬಿದ್ದಿತ್ತು. ಮ್ಯಾನೇಜರ್ ತಾವೇ ಶಾಯಿಯ ಡಬ್ಬಿ ತೆರೆದು, ತಾವೇ ಅವನ ಹೆಬ್ಬೆರಳು ಹಿಡಿದು ಒತ್ತಿಸಿ, ಕೆಳಗೆ ಸಹಿ ಮಾಡಿದರು. ಅರ್ಜಿಗೆ ಮೊಹರು ಬಿದ್ದಾಗ ಮೂರು ಗಂಟೆ ಹತ್ತು ನಿಮಿಷ. ಡಿಸ್ಕು ನಾಶಮಾಡಿದ್ದಕ್ಕೆ ಬರೆದ ಪತ್ರದಲ್ಲಿದ್ದ ಸಮಯ ಎರಡು ಐವತ್ತು. ಸಾಕ್ಷಿಯ ಜಾಗದಲ್ಲಿ ಪ್ರಯೋಗಾಲಯದ ಹೊಣೆ ಹೊತ್ತವರ, ಅಂದರೆ ನನ್ನ, ಸಹಿ ಬೇಕಿತ್ತು. ಸಮಯ ಸರಿಯಿತ್ತು, ತೂತುಗಳ ಸಂಖ್ಯೆ ಸರಿಯಿತ್ತು. ಸಹಿ ಮಾಡಿದೆ.

ಅಜ್ಜ ಸಂಜೆಯ ಬಸ್ಸಿಗೆ ಹೋದರು. ಹೋಗುವಾಗ, "ನನ್ನನ್ನ ಕರೆಸದೇ ಇದ್ದಿದ್ರೆ ಚೆನ್ನಾಗಿತ್ತೇನೋ" ಎಂದರು. ನಾನು ಅವರ ಕೇಬಲ್‌ಗಳನ್ನು ಸುತ್ತಿ ಸೂಟ್‌ಕೇಸಿಗೆ ಹಾಕಿಕೊಟ್ಟೆ.

ಅರ್ಜಿ ಮೂವರ ಮಂಡಳಿಯ ಮುಂದೆ ಹೋಯಿತು. ಹಳೆಯ ದಾಖಲೆ ನಿಯಮಾನುಸಾರ ವಿಲೇವಾರಿಯಾಗಿರುವುದರಿಂದ ಹೊಸದಾಗಿ ರಕ್ತ ಪರೀಕ್ಷಿಸಿ, ಬಂದ ಅಳತೆಯ ಮೇಲೆ ತೀರ್ಮಾನಿಸಲಾಗುವುದು ಎಂದು ಬರೆದರು. ಸೀಸ ರಕ್ತದಲ್ಲಿ ನಿಲ್ಲುವುದಿಲ್ಲ, ಕೆಲಸ ಬಿಟ್ಟ ಕೆಲವೇ ತಿಂಗಳಲ್ಲಿ ಇಳಿದು ಮೂಳೆಗೆ ಹೋಗಿ ಕೂರುತ್ತದೆ, ಈಗ ರಕ್ತ ನೋಡಿ ಪ್ರಯೋಜನವಿಲ್ಲ ಎಂದು ನಾನು ಎರಡು ಪುಟದ ಪತ್ರ ಬರೆದೆ. ಅರ್ಜಿದಾರರ ಸಂಬಂಧಿಕರ ಅಭಿಪ್ರಾಯವನ್ನು ಪರಿಗಣಿಸಲಾಗದು ಎಂಬ ಉತ್ತರ ಬಂತು. ಪರೀಕ್ಷೆ ಮಾತ್ರ ನಮ್ಮ ಪ್ರಯೋಗಾಲಯದಲ್ಲೇ, ನನ್ನ ಕೈಯಿಂದಲೇ ಆಗಬೇಕೆಂದು ಮ್ಯಾನೇಜರ್ ಕೇಳಿಕೊಂಡಿದ್ದರು. ಮಂಡಳಿ ಅದಕ್ಕೆ ಒಪ್ಪಿತ್ತು.

"ಸ್ವಂತ ಅಕ್ಕ ಅಳೆದ ಮೇಲೆ ಕಾರ್ಖಾನೆ ಮೋಸ ಮಾಡ್ತು ಅಂತ ಯಾರೂ ಬೆರಳು ತೋರಿಸೋ ಹಾಗಿಲ್ಲ ನೋಡಿ" ಎಂದರು.

ಜುಲೈ 19ರ ಬೆಳಿಗ್ಗೆ ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಗುಂಡಿಗಳನ್ನು ಹೆಂಡತಿ ಹಾಕಿರಬೇಕು. ನರ್ಸು ರಕ್ತ ತೆಗೆಯುವಾಗ ಅವನು ನನ್ನನ್ನೇ ನೋಡುತ್ತಿದ್ದ.

"ಎಷ್ಟು ಬರ್ಬೇಕಕ್ಕ?"

"ನಲವತ್ತು ದಾಟ್ಬೇಕು."

"ಅಷ್ಟೇನಾ? ಎಪ್ಪತ್ತೊಂದು ಬಂದೋನು ನಾನು. ನಲವತ್ತು ಯಾವ ಲೆಕ್ಕ!" ದನಿ ತಗ್ಗಿಸಿದ. "ಅಲ್ಲದೇ ಬರೆಯೋಳು ನೀನೇ ತಾನೆ?"

ಅವನ ಹೆಂಡತಿ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನನ್ನ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಿದ್ದಳು.

ಸೀಸ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ಮಾದರಿಯೊಂದನ್ನು ಇಟ್ಟು ಯಂತ್ರದ ಅಳತೆಯನ್ನು ಸರಿಹೊಂದಿಸಿದೆ. ತಮ್ಮನ ರಕ್ತವನ್ನು ಮೂರು ಭಾಗ ಮಾಡಿ ಮೂರು ಸಲ ಅಳೆದೆ. ಮೂರೂ ಹತ್ತಿರ ಹತ್ತಿರ ಬಂದವು; ಕೆಲಸದಲ್ಲಿ ದೋಷವಿರಲಿಲ್ಲ. ಈ ಪರೀಕ್ಷೆಗೆಂದು ತರಿಸಿದ ಹೊಸ ಯಂತ್ರ ತಾನಾಗಿ ಏನನ್ನೂ ಬರೆದಿಡುವುದಿಲ್ಲ. ಪರದೆಯಲ್ಲಿ ಕಂಡದ್ದನ್ನು ನಾವೇ ಫಾರಂಗೆ ಇಳಿಸಬೇಕು. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಪೆನ್ನು ಹಿಡಿದು ಎಷ್ಟು ಹೊತ್ತು ಕೂತೆನೆಂದು ಆ ಒಂದು ಸಲ ಗಡಿಯಾರ ನೋಡಲಿಲ್ಲ. ಆಮೇಲೆ ಸರಾಸರಿ ತೆಗೆದು ಬರೆದು, ಕೆಳಗೆ ಸಹಿ ಮಾಡಿದೆ.

ನೂರು ಮಿಲಿಲೀಟರ್ ರಕ್ತದಲ್ಲಿ 18.6 ಮೈಕ್ರೋಗ್ರಾಂ.