ಚೊಕ್ಕ ಬಟ್ಟೆ

ಪರ್ಮಿನ್ ಮತ್ತೊಮ್ಮೆ ಕಿಕ್ ಹೊಡೆದ. ಬೈಕು ಕೆಮ್ಮಲೂ ಇಲ್ಲ.

“ಹೊಸ ಪ್ಲಗ್ ಹಾಕಿದ್ದಾಯ್ತು. ಇನ್ನು ಕಾಯಿಲ್ಲೇ ಹೋಗಿರೋದು, ತರಿಸ್ತೀನಿ,” ಎಂದ, ಬೆವರು ಒರೆಸಿಕೊಳ್ಳುತ್ತ.

“ಅಪ್ಪ ಎದ್ದು ಬರಲ್ಲ ಅನ್ನೋ ಧೈರ್ಯ ನಿಂಗೆ, ಮಾವ. ಇದ್ದಿದ್ರೆ ಸ್ಪ್ಯಾನರ್ ತಗೊಂಡು ಬೆನ್ನಿಗೆ ಬಿಡೋರು,” ಎಂದಳು ವೆನಿಂಗ್.

ಅಂಗಳದಲ್ಲಿ ಕೂತವರು ನಕ್ಕರು. ಸಾವಿನ ಮನೆಯೆಂಬುದು ನೆನಪಾಗಿ ಸುಮ್ಮನಾದರು.

ಒಳಗೆ ಅವಳಪ್ಪ ವಾಗಿಯೊ ಕಫನಿನ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಮೀಯಿಸಿದವರು ಎಷ್ಟು ಉಜ್ಜಿದರೂ ಉಗುರಿನ ಕಪ್ಪು ಹೋಗಿರಲಿಲ್ಲ. ಜಾವಾದ ಆ ಬೆಟ್ಟದೂರಿನಲ್ಲಿ ಹಳೆಯ ಬೈಕು ಇಟ್ಟುಕೊಂಡವರೆಲ್ಲ ಅವರ ಗ್ಯಾರೇಜಿನ ಬೆಂಚಿನಲ್ಲಿ ಕೂತು ಕಾಫಿ ಕುಡಿದವರೇ.

ಕಬರಸ್ತಾನ ಇದ್ದದ್ದು ಗುಡ್ಡದ ನೆತ್ತಿಯಲ್ಲಿ. ಕಾರು ಹತ್ತುವ ದಾರಿಯಲ್ಲ. ವೆನಿಂಗಳ ಅಮ್ಮ ಸಾತಿಯೆಮ್‌ಗೆ ಎಡಗಾಲು ಮಡಚಲು ಬಾರದು. ಯಾರ ಬೈಕಿನ ಹಿಂದೆಯೂ ಕೂರಲಾರರು. ಅವರಿಗೆಂದೇ ವಾಗಿಯೊ ತಮ್ಮ ಮುದಿ ಬೈಕಿನ ಪಕ್ಕಕ್ಕೆ ಕಾಲು ಚಾಚಿ ಕೂರುವ ತೊಟ್ಟಿಯೊಂದನ್ನು ಬೆಸೆದಿದ್ದರು. ವಾಗಿಯೊ ಹಾಸಿಗೆ ಹಿಡಿದಾಗಿನಿಂದ ಅದು ಸೂರಿನಡಿ ನಿಂತೇ ಇತ್ತು.

“ಹೊತ್ಕೊಂಡು ಹೋಗ್ತೀವಮ್ಮ,” ಎಂದರು ಗಂಡಸರು.

“ಒಂದೇ ದಿನ ಎರಡೆರಡು ಹೊರ್ತೀರಾ? ಬೇಡಪ್ಪ. ಹೋದ್ರೆ ಅವರ ಗಾಡೀಲೇ. ಇಲ್ಲಾಂದ್ರೆ ಇಲ್ಲೇ ಇರ್ತೀನಿ,” ಎಂದು ಸಾತಿಯೆಮ್ ಬಾಗಿಲಲ್ಲಿ ಕೂತುಬಿಟ್ಟಿದ್ದರು.

ವೆನಿಂಗ್ ಪ್ಲಗ್ ಬಿಚ್ಚಿ ಎಂಜಿನ್ನಿಗೆ ಆನಿಸಿ ಕಿಕ್ ಹೊಡೆದಳು. ಕಿಡಿಯಿಲ್ಲ. ಮುಚ್ಚಳ ತೆಗೆದು, ಕಿಡಿಯ ಕರೆಂಟನ್ನು ಕೊಟ್ಟು ಕಡಿಯುವ ಪಾಯಿಂಟ್ ನೋಡಿದಳು. ತೇವಕ್ಕೆ ಅದರ ಬಾಯಿ ಬೂದಿಗಟ್ಟಿತ್ತು. ಸ್ಯಾಂಡ್‌ಪೇಪರಿನಿಂದ ಉಜ್ಜಿದಳು. ಆಗಲೂ ಕಿಡಿಯಿಲ್ಲ.

“ಕಾಯಿಲ್ ಅಂದೆನಲ್ಲ!” ಎಂದ ಪರ್ಮಿನ್.

“ಹೊತ್ತಾಯ್ತು,” ಎಂದರು ಶವಸಂಸ್ಕಾರ ನಡೆಸಲು ಬಂದಿದ್ದ ಊರಿನ ಮೋದಿನ್. ಗಂಡಸರು ಜನಾಜಾದ ಚಟ್ಟವನ್ನು ಎತ್ತಿ ಹಿಡಿದರು. ಮಕ್ಕಳು ಅದರಡಿ ಮೂರು ಸಲ ನುಸುಳಿ ಬೀಳ್ಕೊಡುವುದು ಅಲ್ಲಿನ ರೂಢಿ. ವೆನಿಂಗ್ ಕಪ್ಪು ಕೈಯಲ್ಲೇ ಓಡಿದಳು. ಮೂರನೆಯ ಸಲ ನುಸುಳುವಾಗ ಜನಾಜಾದ ಮೇಲಿನ ಬಟ್ಟೆಯ ಅಂಚು ಅವಳ ಮೂಗಿಗೆ ತಾಗಿತು.

*

ಅಪ್ಪ ಅವಳಿಗೆ ಗದರಿದ್ದು ಒಮ್ಮೆ ಮಾತ್ರ. ಚಿಕ್ಕವಳಿದ್ದಾಗ ಅವರ ಜೇಬಿನ ಬಿಳಿ ಬಟ್ಟೆಯಲ್ಲಿ ಮೂಗು ಒರೆಸಿಕೊಂಡಿದ್ದಳು.

“ಅಯ್ಯೋ, ಅದು ಪಾಯಿಂಟಿನ ಬಟ್ಟೆ ಕಣೇ!”

ಅವಳು ಅತ್ತದ್ದು ನೋಡಿ ಎತ್ತಿಕೊಂಡು ಬೆಂಚಿನ ಮೇಲೆ ಕೂರಿಸಿದರು. ಅಂದು ಯಾರೋ ಪ್ಲಗ್, ಕಾಯಿಲ್ ಎಲ್ಲ ಹೊಸದು ಹಾಕಿಸಿಯೂ ಬೈಕನ್ನು ತಳ್ಳಿಕೊಂಡೇ ಬಂದಿದ್ದ. “ಹೊಟ್ಟೆನೋವು ಅಂದವನ ಹಲ್ಲು ಕಿತ್ತ ಹಾಗಾಯ್ತು,” ಎಂದು ಅಪ್ಪ ನಕ್ಕರು. “ಕಿಡಿ ಎಲ್ಲಿವರೆಗೂ ಬಂತು, ಎಲ್ಲಿ ನಿಂತ್ಕೊಳ್ತು, ಅದು ನೋಡ್ಬೇಕು ಮಗಾ. ಉಜ್ಜಿದ ಮೇಲೆ ಚೊಕ್ಕ ಬಟ್ಟೇಲಿ ಒರೆಸ್ಬೇಕು. ಇಲ್ಲಾಂದ್ರೆ ನಮ್ಮ ಕೈ ಜಿಡ್ಡೇ ಅದಕ್ಕೆ ಅಡ್ಡ.”

*

“ಅಮ್ಮಾ, ಚೊಕ್ಕ ಬಟ್ಟೆ! ಬೇಗ!” ಎನ್ನುತ್ತ ವೆನಿಂಗ್ ಬೈಕಿನತ್ತ ಓಡಿದಳು.

ಗ್ಯಾರೇಜಿನಲ್ಲಿ ಇದ್ದದ್ದೆಲ್ಲ ಎಣ್ಣೆ ಕುಡಿದ ಚಿಂದಿ. ಬಂದವರ ಕರ್ಚೀಫುಗಳು ಬೆವರಿನಲ್ಲಿ ನೆನೆದಿದ್ದವು. ಸಾತಿಯೆಮ್ ಬಾಗಿಲ ಪಕ್ಕದ ಗೂಡಿಗೆ ಕೈಹಾಕಿ ಕಫನ್ ಕತ್ತರಿಸಿ ಮಿಕ್ಕಿದ್ದ ತುಂಡು ತೆಗೆದರು.

ಮೋದಿನ್ ತಡೆದರು. “ಅದು ಕಫನಿಂದು, ತಾಯಿ.”

“ಅವರದ್ದೇ ತಾನೇ? ಕೊಳಕು ಬಟ್ಟೆ ಮುಟ್ಟಿಸಿದ್ರೆ ಅಲ್ಲಿಂದಲೇ ಬೈತಾರೆ.”

ಮೋದಿನ್ ತುಂಡನ್ನು ಇಸಿದುಕೊಂಡರು. ಆಮೇಲೆ ತಾವೇ ಒಂದು ಪಟ್ಟಿ ಹರಿದು ವೆನಿಂಗಳ ಕೈಗಿತ್ತರು. “ತಗೋ. ನನ್ನ ಗಾಡೀನೂ ಓಡೋ ಹಾಗೆ ಇಟ್ಟೋರು ಅವರೇ.”

ಅವಳು ಕೈಯನ್ನು ಸೋಪಿನಲ್ಲಿ ತೊಳೆದು ಬಂದಳು. ಪಾಯಿಂಟಿನ ಬಾಯಿಗೆ ಪಟ್ಟಿಯನ್ನು ತೂರಿಸಿ ಮೆಲ್ಲಗೆ ಎಳೆದಳು. ಬಟ್ಟೆಯ ಮೇಲೆ ಕಪ್ಪು ಗೆರೆಯೊಂದು ಮೂಡಿತು. ಕಿಕ್ ಹೊಡೆದಳು. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟ್ಟೆಂದಿತು.

“ಪ್ಲಗ್ ಮಾತ್ರ ನಂದು, ನೆನಪಿರ್ಲಿ,” ಎಂದ ಪರ್ಮಿನ್. ಹೇಳುತ್ತಲೇ ಅವನಿಗೆ ಅಳು ಬಂತು.

ಸಾತಿಯೆಮ್‌ರನ್ನು ತೊಟ್ಟಿಯಲ್ಲಿ ಕೂರಿಸಿಕೊಂಡು, ಜನಾಜಾದ ಹಿಂದೆ ಬೈಕು ಹೊಗೆ ಕಾರುತ್ತ ಗುಡ್ಡ ಹತ್ತಿತು. ಗೋರಿಯ ಪಕ್ಕದಲ್ಲಿ ನಿಲ್ಲಿಸಿ ವೆನಿಂಗ್ ಕೀಲಿಗೆ ಕೈಹಾಕಿದಳು.

“ಇರು, ಆರಿಸ್ಬೇಡ,” ಎಂದರು ಸಾತಿಯೆಮ್. “ಅವರು ಕೇಳಿಸ್ಕೊಳ್ಲಿ.”

ಪ್ರಾರ್ಥನೆಗೆ ಕೈಯೆತ್ತಿದ್ದ ಮೋದಿನ್ ಕಾದರು. ಸಾತಿಯೆಮ್ ಮಗಳ ಕೈಯಿಂದ ಆ ಪಟ್ಟಿಯನ್ನು ಇಸಿದುಕೊಂಡು, ಕಪ್ಪು ಗೆರೆ ಒಳಗೆ ಬರುವಂತೆ ಮಡಚಿ, ರವಿಕೆಯೊಳಗೆ ಇಟ್ಟುಕೊಂಡರು. ಎಂಜಿನ್ ಒಂದೇ ಸಮನೆ ಮಿಡಿಯುತ್ತಿತ್ತು. ಆಮೇಲೆ ತೊಟ್ಟಿಯಿಂದಲೇ ಕೈಚಾಚಿ, ಕೀಲಿಯನ್ನು ತಾವೇ ತಿರುಗಿಸಿದರು.