ಓದು ಬಾರದ್ದಕ್ಕೆ ಬರೆ

ಸಿದ್ದಾರೂಢ ಅವರು ಪುಣೆಯ ಖಡಕಿಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಸಂಜೆ ಮನೆಗೆ ಬಂದು ಚಹಾ ಕುಡಿದು, ಮಗಳು ರೇಣುವನ್ನು ಎದುರಿಗೆ ಕೂರಿಸಿಕೊಂಡು ಪುಸ್ತಕ ತೆರೆಯುತ್ತಿದ್ದರು. ಹೆಂಡತಿ ಅನುಸೂಯಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ತಾಯಿ ನಾಗವ್ವ ಎರಡು ವರ್ಷದ ಮೊಮ್ಮಗ ಅಮರನನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳುತ್ತ ಕೂರುತ್ತಿದ್ದರು. ನೋಡಿದವರು ಸುಖೀ ಸಂಸಾರ ಅನ್ನಬೇಕು. ರೇಣು ಮಾತ್ರ ‘ಮರ’ವನ್ನು ‘ರಮ’ ಎಂದು ಓದುತ್ತಿದ್ದಳು. ಅಪ್ಪ ಗದರಿದರೆ ಅದನ್ನೂ ಮರೆಯುತ್ತಿದ್ದಳು.

ಅವಳಿಗೆ ಎಂಟು ವರ್ಷ, ಮೂರನೆಯ ತರಗತಿ. ನಾನು, ಭವ್ಯಶ್ರೀ, ಅವಳ ಟೀಚರು. ಗಂಡನಿಗೆ ಹಿಂಜವಾಡಿಯಲ್ಲಿ ಕೆಲಸವೆಂದು ತುಮಕೂರಿನಿಂದ ಪುಣೆಗೆ ಬಂದು ಇಲ್ಲಿನ ಕನ್ನಡ ಶಾಲೆ ಸೇರಿದವಳು. ಮೊದಲ ಪರೀಕ್ಷೆಯ ನಂತರ ರೇಣುವಿನ ಪ್ರಗತಿಪತ್ರದಲ್ಲಿ ‘ಓದಿನಲ್ಲಿ ತೀರಾ ಮಂದ’ ಎಂದು ಬರೆದು ಕಳಿಸಿದೆ. ಆ ಒಂದು ಸಾಲು ಆ ಮನೆಯೊಳಗೆ ಏನು ಮಾಡೀತೆಂದು ಯೋಚಿಸಲಿಲ್ಲ.

ಆ ವರ್ಷ ಯಾರೋ ಪುಣ್ಯಾತ್ಮರು ಶಾಲೆಗೆ ಹತ್ತು ಟ್ಯಾಬ್ ಕೊಟ್ಟಿದ್ದರು. ಮುಖ್ಯೋಪಾಧ್ಯಾಯ ಶಿವರುದ್ರಪ್ಪನವರು ಅವುಗಳಿಗೆ ಹಾರ ಹಾಕಿ, ಫೋಟೋ ತೆಗೆಸಿ, ಕಪಾಟಿಗೆ ಬೀಗ ಜಡಿದರು. ತಿಂಗಳುಗಟ್ಟಲೆ ಜಗಳವಾಡಿ ನನ್ನ ತರಗತಿಗೆ ತಂದೆ. ಪರದೆಯ ಮೇಲಿನ ಪದಕ್ಕೆ ಬೆರಳಿಟ್ಟರೆ ಅದು ಬಿಡಿಸಿ ಬಿಡಿಸಿ ಉಚ್ಚರಿಸುತ್ತಿತ್ತು. ಹತ್ತು ಸಲ ಕೇಳಿದರೂ ಗದರುತ್ತಿರಲಿಲ್ಲ. ಕೇಳಿದ ಪದವನ್ನು ಸ್ಲೇಟಿನ ಮೇಲೆ ಬರೆಸಿ, ನಾನು ಜೊತೆಗೆ ಓದಿಸುತ್ತಿದ್ದೆ. ಆರು ವಾರಕ್ಕೆ ರೇಣು ಒಂದು ಪುಟ್ಟ ಕಥೆಯನ್ನು ತಾನೇ ಓದಿ ಮುಗಿಸಿ, “ಇನ್ನೊಮ್ಮೆ ಓದ್ಲೇನ್ರಿ ಟೀಚರ್?” ಅಂದಳು. ಮಂದಬುದ್ಧಿ ಯಾರದೆಂದು ನನಗೆ ಅವತ್ತು ತಿಳಿಯಿತು.

ದೀಪಾವಳಿ ರಜೆಗೆ ಒಂದು ಟ್ಯಾಬನ್ನು ಅವಳ ಮನೆಗೆ ಕೊಡಿ ಎಂದೆ.

“ಒಡದ್ರ ಯಾರ್ರಿ ಜವಾಬ್ದಾರಿ?” ಎಂದು ಶಿವರುದ್ರಪ್ಪನವರು ರಜೆ ಮುಗಿಯುವವರೆಗೆ ಎಲ್ಲವನ್ನೂ ಮತ್ತೆ ಕಪಾಟಿಗೆ ಸೇರಿಸಿದರು.

ರಜೆ ಮುಗಿದು ಬಂದ ರೇಣು ಬಲಗೈಯನ್ನು ಫ್ರಾಕಿನ ಹಿಂದೆ ಮುಚ್ಚಿಟ್ಟುಕೊಂಡಿದ್ದಳು. ಟ್ಯಾಬ್ ಕೊಟ್ಟರೆ ಹಿಂದೆ ಸರಿದಳು. ಕೈ ಹಿಡಿದು ನೋಡಿದೆ. ಮಣಿಕಟ್ಟಿನ ಮೇಲೆ ಎರಡು ಸುಟ್ಟ ಗೆರೆ. ಮೇಲೆ ಮೆತ್ತಿದ ಅರಿಶಿನದ ಅಡಿಯಲ್ಲಿ ಕೀವು.

“ಪೇಪರ್ ಓದಾಕ ಬರ್ಲಿಲ್ಲಂತ ಬರಿ ಹಾಕಿದರ್ರಿ. ಇನ್ನ ಓದ್ತೀನಿ. ಮತ್ತ ಹಾಕಬ್ಯಾಡ್ರಿ ಅಂತ ನೀವರ ಹೇಳ್ರಿ.”

ಹಬ್ಬಕ್ಕೆ ಬಂದಿದ್ದ ನೆಂಟರ ಮುಂದೆ ಅಪ್ಪ ಅವಳ ಕೈಗೆ ದಿನಪತ್ರಿಕೆ ಕೊಟ್ಟಿದ್ದರಂತೆ. ಅವಳು ತಡವರಿಸಿದಳು, ಯಾರೋ ನಕ್ಕರು. ನಾಲಿಗೆ ಕಟ್ಟಿದೆ, ಬರೆ ಹಾಕಿದರೆ ಬಿಡುತ್ತದೆ ಎಂದು ನಾಗವ್ವ ಬಳೆಚೂರು ಕಾಯಿಸಿದರು. ಇದು ಯಾವುದೋ ಕಾಡಿನ ಮೂಲೆಯಲ್ಲಲ್ಲ. ಫ್ರಿಜ್ಜು, ಟಿವಿ ಇರುವ ಮನೆಯಲ್ಲಿ, ಪದವಿ ಪಡೆದ ತಂದೆಯ ಕಣ್ಣೆದುರು!

ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿಸಿ, ರೇಣುವಿನೊಡನೆ ಸಂಜೆ ಅವರ ಮನೆಗೆ ಹೋದೆ. ನಾಗವ್ವ ಅಳುಕಲಿಲ್ಲ. ತಮ್ಮ ತೋಳು ತೋರಿಸಿದರು.

“ನೋಡ್ರಿ, ನನಗೂ ಹಾಕ್ಯಾರ, ಕಾಮಾಲಿ ಆದಾಗ. ಸತ್ತೇನೇನು?”

“ಬರೆ ಹಾಕಿದ್ದಕ್ಕೆ ಬದುಕಲಿಲ್ಲ ಅಜ್ಜಿ. ಬರೆ ಹಾಕಿದ್ರೂ ಬದುಕಿದ್ರಿ.”

ಸಿದ್ದಾರೂಢ ತಲೆಯೆತ್ತಿದರು. “ತೀರಾ ಮಂದ ಅಂತ ಬರದು ಕಳಿಸಿದವ್ರು ನೀವ ಅಲ್ರೇನು?”

ಕೆನ್ನೆಗೆ ಹೊಡೆದಂತಾಯಿತು. “ಹೌದು, ನಾನೇ. ಅದು ನನ್ನ ತಪ್ಪು. ಅವಳು ದಡ್ಡಿ ಅಲ್ಲ. ಅಕ್ಷರ ಅವಳ ಕಣ್ಣಿಗೆ ಕಲಸಿಹೋಗುತ್ತೆ, ಕಿವಿಯಲ್ಲಿ ಕೇಳಿದ್ರೆ ಕೂಡಿಕೊಳ್ಳುತ್ತೆ. ಅದಕ್ಕೇ ಆ ಟ್ಯಾಬು. ಓದೋಕೆ ಶುರು ಮಾಡಿದ್ಲು ಸರ್. ನನ್ನ ತಪ್ಪಿಗೆ ಅವಳ ಕೈ ಯಾಕೆ ಸುಟ್ರಿ?”

ನಾಗವ್ವ ನಡುವೆ ಬಾಯಿ ಹಾಕಿದರು: “ಓದೂದು ಮಷೀನು, ಈಕಿ ಗಿಣಿಹಂಗ ಅಂತಾಳ. ಅಮರಗೂ ಇನ್ನ ಮಾತು ಬಂದಿಲ್ಲ. ಬರೂ ಅಮಾಸಿಗೆ ಅವಗೂ ಒಂದು ಎಳದಬಿಡ್ತೀನಿ.”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅನುಸೂಯಾ ಹೊರಗೆ ಬಂದಳು, ಹಿಟ್ಟಿನ ಕೈಯಲ್ಲೇ ಅತ್ತೆಯ ತೊಡೆಯಿಂದ ಅಮರನನ್ನು ಎತ್ತಿಕೊಂಡಳು. ಇನ್ನೊಂದು ಕೈಯಿಂದ ರೇಣುವಿನ ಭುಜ ಹಿಡಿದಳು.

“ನಡೀರಿ ಟೀಚರ್, ಪೊಲೀಸ್ ಚೌಕಿಗೆ.”

ಸಿದ್ದಾರೂಢ ಬಾಗಿಲಿಗೆ ಅಡ್ಡ ನಿಂತರು. “ಮನಿ ಮಾನ ಬೀದಿಗೆ ತರ್ತಿ ಏನು?”

“ಮಗಳ ಕೈ ಕೀವು ಸುರಸ್ತದ, ನಿಮಗ ಮಾನದ ಚಿಂತಿ. ದಾರಿ ಬಿಡ್ರಿ.”

“ಹ್ವಾದ್ರ ತಿರುಗಿ ಬರಬ್ಯಾಡ!” ಎಂದು ನಾಗವ್ವ ಕೂಗಿದರು. ಅನುಸೂಯಾ ಆಗಲೇ ಗಂಡನನ್ನು ಸರಿಸಿ ಮೆಟ್ಟಿಲು ಇಳಿಯುತ್ತಿದ್ದಳು. ಸಿದ್ದಾರೂಢ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಓಡಿಬಂದರು.

ಚೌಕಿಯಲ್ಲಿದ್ದ ಮಹಿಳಾ ಅಧಿಕಾರಿ ರೇಣುವಿನ ಪಟ್ಟಿ ಕಟ್ಟಿದ ಕೈ ನೋಡಿ, ಏನಾಯಿತೆಂದು ಮರಾಠಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಿದ್ದಾರೂಢ, ಹಬ್ಬದ ಕರಿಗಡುಬಿನ ಎಣ್ಣೆ ಸಿಡಿದದ್ದು ಎಂದರು.

ಅನುಸೂಯಾ ಗಂಡನ ಮುಖ ನೋಡಲಿಲ್ಲ. ಮರಾಠಿಯಲ್ಲೇ, ಒಂದೊಂದು ಮಾತನ್ನೂ ತಡೆದು ತಡೆದು ಹೇಳಿದಳು:

“ಸುಟ್ಟವರು ನಮ್ಮತ್ತೆ. ಮಗುವಿನ ಕೈಯನ್ನು ಅಲುಗದ ಹಾಗೆ ಹಿಡಿದವರು ಇವರು. ಅದು ಚೀರುವಾಗ ಒಳಗೆ ಸುಮ್ಮನೆ ನಿಂತವಳು ನಾನು. ಮೂರೂ ಹೆಸರು ಬರೆದುಕೊಳ್ಳಿ.”